ದೌಲತರಾಯ ಮಾಸ್ತರರ ಇಂಗ್ಲಿಷ್ ಶನಿವಾರ

ಶನಿವಾರ ನಸುಕಿನಲ್ಲೇ ಎದ್ದ ದೌಲತರಾಯ ಮಾಸ್ತರರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಒಂದು ವ್ರತ ತೊಟ್ಟರು. ಮಧ್ಯಾಹ್ನದ ಪರೀಕ್ಷೆ ಮುಗಿಯುವ ತನಕ ಒಂದಕ್ಷರ ಕನ್ನಡ ಆಡುವುದಿಲ್ಲ, ಒಂದಕ್ಷರ ಕನ್ನಡ ಓದುವುದೂ ಇಲ್ಲ.

ಈ ವ್ರತ ಹೇಳಿಕೊಟ್ಟವನು ಅವರದೇ ಶಾಲೆಯ ಲೆಕ್ಕದ ಮಾಸ್ತರ ಅನಂತ. "ಇಂಗ್ಲಿಷ್ ಬಂದು ನಾಲಿಗಿ ಮ್ಯಾಲೆ ಕುಂದ್ರಬೇಕಂದ್ರ ಕನ್ನಡ ಎದ್ದು ಜಾಗಾ ಬಿಡಬೇಕ್ರಿ ಸರ. ಎರಡೂ ಕೂಡೇ ಕುಂದ್ರಾಕ ನಾಲಿಗಿ ಏನ್ ಬಸ್ಸಿನ ಸೀಟೇನ್ರಿ?" ಎಂದು ಹಿಂದಿನ ದಿನ ಹೇಳಿದ್ದ. ಅನಂತ ತಾನು ಯಾವ ಇಂಗ್ಲಿಷ್ ಪರೀಕ್ಷೆಗೂ ಕೂತವನಲ್ಲ. ಹಾಗಾಗಿ ಅವನ ಮಾತಿನಲ್ಲಿ ಬಹಳ ವಿಶ್ವಾಸವಿತ್ತು.

ಪರೀಕ್ಷೆ ಸಣ್ಣದಲ್ಲ. ಅಫಜಲಪುರದ ಕಚೇರಿಯಲ್ಲಿ ಸಾಹೇಬರೊಬ್ಬರ ಮುಂದೆ ಕೂತು, ಶಾಲೆಯ ವಿಷಯಗಳು ಮತ್ತು ಶಿಕ್ಷಣ ಎಂಬುದರ ಮೇಲೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಪಾಸಾದವರಿಗೆ ಜೇವರ್ಗಿಯ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರಿಕೆ. ಜೇವರ್ಗಿಯ ದವಾಖಾನೆಯಲ್ಲಿ ಮಾಸ್ತರರ ಹೆಂಡತಿ ಶಿವಕಾಂತಾ ನರ್ಸು. ಮದುವೆಯಾಗಿ ಆರು ವರ್ಷ, ಇವರು ಕರಜಗಿಯಲ್ಲಿ, ಆಕೆ ಜೇವರ್ಗಿಯಲ್ಲಿ. ಶನಿವಾರ ಸಂಜೆ ಇವರು ಬಸ್ಸಿನಲ್ಲಿ ಹೋಗುವುದು, ಸೋಮವಾರ ನಸುಕಿನ ಬಸ್ಸಿಗೆ ಕಣ್ಣುಜ್ಜುತ್ತ ವಾಪಸು ಬರುವುದು. ಸಂಸಾರವೆಂಬುದು ವಾರಕ್ಕೊಂದೇ ದಿನ ತೆರೆಯುವ ಸಂತೆಯಾಗಿಬಿಟ್ಟಿತ್ತು. ಎರಡು ಸಲ ಇದೇ ಪರೀಕ್ಷೆಗೆ ಕೂತು ಎರಡು ಸಲವೂ ನಪಾಸಾಗಿದ್ದರು. ಮೊದಲ ಸಲ ಬಾಯಿ ಬಿಡಲಿಲ್ಲ, ಎರಡನೆಯ ಸಲ ಬಿಟ್ಟ ಬಾಯಿ ಮುಚ್ಚಲಿಲ್ಲ.

ಆದರೆ ಈ ಸಲ ಪಾಸಾಗುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನೂರು ಪುಟದ ನೋಟುಬುಕ್ಕಿನಲ್ಲಿ ನಲವತ್ತು ವಾಕ್ಯ ಬರೆದು ಬಾಯಿಪಾಠ ಮಾಡಿದ್ದರು. ಎಲ್ಲವೂ ಭೂಗೋಳ, ಗಣಿತ, ವಿಜ್ಞಾನ, ಶಿಸ್ತು, ಮೈದಾನ, ಗ್ರಂಥಾಲಯ ಇವುಗಳ ಬಗ್ಗೆಯೇ. ಹಾಲು, ಬಸ್ಸು, ಹೊಟ್ಟೆನೋವು ಇವುಗಳ ಬಗ್ಗೆ ಒಂದೇ ಒಂದು ವಾಕ್ಯವೂ ಇರಲಿಲ್ಲ. ಅದು ಗೊತ್ತಾದದ್ದು ಪಕ್ಕದ ಮನೆಯ ರುಕ್ಮಿಣಿಬಾಯಿ ಹಾಲಿನ ತಂಬಿಗೆ ಹಿಡಿದು ಬಂದಾಗ.

"ಮಾಸ್ತರ, ಹಾಲ ಕಾಸಿ ಕೊಡ್ಲೇನ್ರಿ, ಹಸೀದ ಇಡ್ಲೇನ್ರಿ?"

ಮಾಸ್ತರರು ತಮ್ಮ ನಲವತ್ತು ವಾಕ್ಯಗಳನ್ನು ಮನಸ್ಸಿನಲ್ಲೇ ತಿರುವಿಹಾಕಿ, ಹತ್ತಿರದ್ದೊಂದನ್ನು ಆರಿಸಿದರು. "ಸೈನ್ಸ್ ಈಸ್ ಎ ವೆರಿ ಯೂಸ್‌ಫುಲ್ ಸಬ್ಜೆಕ್ಟ್."

"ಏನಂದ್ರಿ?"

"ಡಿಸಿಪ್ಲಿನ್ ಮೇಕ್ಸ್ ಎ ಗುಡ್ ಸ್ಟೂಡೆಂಟ್," ಎಂದು ಮಾಸ್ತರರು ಕೈಸನ್ನೆ ಮಾಡಿದರು. ಕೈ ಬಾಯಿಗೂ ಹೋಯಿತು, ಒಲೆಯ ಕಡೆಗೂ ಹೋಯಿತು, ಆಕಾಶಕ್ಕೂ ಹೋಯಿತು.

ರುಕ್ಮಿಣಿಬಾಯಿಯ ಕೈಯಿಂದ ತಂಬಿಗೆ ಜಾರಲಿಲ್ಲ, ಅಷ್ಟೇ ಪುಣ್ಯ. ಆಕೆ ಮಾಸ್ತರರಿಗೆ ಬೆನ್ನು ಕೊಡದೆ ಹಿಂದೆ ಹಿಂದೆ ನಡೆದು ಓಣಿಗಿಳಿದಳು. "ಪ್ಯಾರಿಬಿ! ಏ ಪ್ಯಾರಿಬಿ! ಲಗೂ ಬಾ ಬೇ! ನಮ್ಮ ಮಾಸ್ತರಿಗಿ ಏನೋ ಬಡದದ. ಬಾಯಿಗಿ ಬಂದಂಗ ಬಡಬಡಸಾಕತ್ತಾರ!"

ಪ್ಯಾರಿಬಿ ಓಣಿಯ ಹಿರಿಯಳು. ದೃಷ್ಟಿ ತೆಗೆಯುವುದಕ್ಕೆ ಹಿಂದೂ ಮುಸಲ್ಮಾನ ಎಲ್ಲರ ಮನೆಗೂ ಕರೆಯುತ್ತಿದ್ದುದು ಅವಳನ್ನೇ. ಉಪ್ಪು, ಸಾಸಿವೆ, ಹನ್ನೊಂದು ಒಣಮೆಣಸಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಳು. ಮಾಸ್ತರರ ಮುಖವನ್ನು ಒಂದು ಕ್ಷಣ ನೋಡಿ, "ಎಷ್ಟ್ ದಿನದಿಂದ ಹಿಂಗ ಅದರಿ?" ಎಂದು ಕೇಳಿದಳು.

"ಸಿನ್ಸ್ ಮೈ ಚೈಲ್ಡ್‌ಹುಡ್ ಐ ಲೈಕ್ ಜಾಗ್ರಫಿ," ಎಂದರು ಮಾಸ್ತರರು. ಪ್ರಶ್ನೆಗೆ ಉತ್ತರ ಸರಿಹೊಂದಿತೆಂದು ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು.

"ಯಾ ಅಲ್ಲಾ, ಭಾಳ ಜೋರ್ ಅದ," ಎಂದ ಪ್ಯಾರಿಬಿ ಹನ್ನೊಂದರ ಜಾಗದಲ್ಲಿ ಇಪ್ಪತ್ತೊಂದು ಮೆಣಸಿನಕಾಯಿ ತರಿಸಿದಳು. ಓಣಿಯ ಇಬ್ಬರು ಗಂಡಸರು ಮಾಸ್ತರರನ್ನು ಹಿಡಿದುಕೊಂಡರು, ರುಕ್ಮಿಣಿಬಾಯಿ ಕೆಂಡ ತಂದಳು. ಹೊಗೆ ಎದ್ದದ್ದೇ ತಡ, ಓಣಿಯ ನಾಯಿಗಳು ಕೂಡ ಕೆಮ್ಮುತ್ತ ಓಡಿದವು. ಮಾಸ್ತರರ ಕಣ್ಣುಗಳು ಗಣೇಶನ ಹಬ್ಬದ ದಾಸವಾಳದಷ್ಟು ಕೆಂಪಾದವು, ನೀರು ಧಾರಾಕಾರ. ಆದರೂ ವ್ರತ ಮುರಿಯಲಿಲ್ಲ. ಅಂಥ ಗಟ್ಟಿ ಮನುಷ್ಯ. ಕೆಮ್ಮಿನ ನಡುವೆಯೂ, "ಫ್ರೆಶ್ ಏರ್... ಈಸ್ ನೆಸೆಸರಿ... ಇನ್ ಕ್ಲಾಸ್‌ರೂಮ್," ಎಂದು ಹೇಳಿಯೇ ತೀರಿದರು.

ಹೇಗೋ ಬಿಡಿಸಿಕೊಂಡು ಒಂಬತ್ತರ ಹೊತ್ತಿಗೆ ಬಸ್ಸು ನಿಲ್ಲುವ ಜಾಗಕ್ಕೆ ಓಡಿದರು. ಜೇವರ್ಗಿಯಿಂದ ಅಫಜಲಪುರದ ಮೇಲೆ ಬರುವ ಬಸ್ಸು ಆಗಷ್ಟೇ ಬಂದು ತಿರುಗಿ ನಿಂತಿತ್ತು. ಕಂಡಕ್ಟರ್ ಅಬ್ದುಲ್ ಗನಿ ಕೆಳಗಿಳಿದವನೇ ಜೇಬಿನಿಂದ ಮಡಚಿದ ಚೀಟಿ ತೆಗೆದ. ಪ್ರತಿ ಶನಿವಾರ ಇದು ಇದ್ದದ್ದೇ. ಶಿವಕಾಂತಾ ಬೆಳಗಿನ ಬಸ್ಸಿಗೆ ಬಂದು ಚೀಟಿ ಕೊಡುವುದು, ಅಬ್ದುಲ್ ಗನಿ ತಂದು ಮಾಸ್ತರರಿಗೆ ಮುಟ್ಟಿಸುವುದು. ಕರಜಗಿಯ ಬೆಲ್ಲ ಒಂದು ಪೆಂಟೆ, ಶೇಂಗಾ ಹಿಂಡಿ, ಕುಸುಬಿ ಎಣ್ಣೆ, ರುಕ್ಮಿಣಿಬಾಯಿಯ ಕಡೆಯಿಂದ ಮಾವಿನ ಉಪ್ಪಿನಕಾಯಿ, ಹೀಗೆ ಬರುವಾಗ ತರಬೇಕಾದವುಗಳ ಪಟ್ಟಿ ಅದರಲ್ಲಿ.

"ತಗೋರಿ ಮಾಸ್ತರ್ ಸಾಬ್. ಇವತ್ತಿಂದು ಭಾಳ ಜರೂರ್ ಅದಂತ. ಭಾಬಿಯವರು ಎರಡೆರಡು ಸಲ ಹೇಳ್ಯಾರ, ಕೈಯಾಗ ಕೊಟ್ಟ ಕೂಡ್ಲೇ ಓದಸು ಅಂತ."

ಚೀಟಿ ಕನ್ನಡದ್ದು. ಮಾಸ್ತರರು ಅದನ್ನು ಮಡಿಕೆ ಬಿಚ್ಚದೆ ಅಂಗಿಯ ಜೇಬಿಗೆ ಇಳಿಸಿ, ಮೇಲಿಂದ ಗುಂಡಿ ಹಾಕಿಕೊಂಡರು.

"ಓದ್ರಿ ಅಲ್ಲ!"

"ರೀಡಿಂಗ್ ಈಸ್ ವೆರಿ ಇಂಪಾರ್ಟೆಂಟ್ ಇನ್ ಎಜುಕೇಶನ್," ಎಂದರು ಮಾಸ್ತರರು.

ಅಬ್ದುಲ್ ಗನಿ ಗಾಬರಿಯಾದ. ಅಷ್ಟರಲ್ಲಿ ಬಸ್ಸಿನ ಎದುರಿಗೇ ಚಹಾದಂಗಡಿ ಇಟ್ಟಿದ್ದ ಗುಡುಸಾಬ ಓಡಿಬಂದು ಅವನ ಕಿವಿಯಲ್ಲಿ ಸುದ್ದಿ ಹಾಕಿದ. ಸುದ್ದಿ ಓಣಿಯಿಂದ ಅಂಗಡಿಗೆ ಬರುವಷ್ಟರಲ್ಲಿ ಸಾಕಷ್ಟು ಬೆಳೆದಿತ್ತು. ಮಾಸ್ತರರು ರುಕ್ಮಿಣಿಬಾಯಿಯನ್ನು ಕಚ್ಚಲು ಹೋಗಿದ್ದರೆಂಬುದೂ ಅದರಲ್ಲಿ ಸೇರಿತ್ತು.

"ನಾ ಸಂಗಾಟ ಬರ್ತೇನಿ. ಅಫಜಲಪುರ ದವಾಖಾನಿ ಮುಂದ ಗಾಡಿ ನಿಂದರಸು," ಎಂದ ಗುಡುಸಾಬ, ಅಂಗಡಿಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಆದರೆ ಸುದ್ದಿ ಹಬ್ಬಿದ ಕೂಡಲೇ ಮೂರು ಜನ ಕೂರುವ ಸೀಟು ಪೂರ್ತಿ ಖಾಲಿಯಾಗಿ ಮಾಸ್ತರರೊಬ್ಬರಿಗೇ ಸಿಕ್ಕಿತು. ಜನ ಪರೀಕ್ಷೆಗೆ ಹೊರಟವನಿಗೆ ಕೊಡುವ ಮರ್ಯಾದೆ ಎಂದುಕೊಂಡು ಅವರು ಕಾಲು ಚಾಚಿ ಕೂತು, ನಲವತ್ತು ವಾಕ್ಯಗಳನ್ನು ಜೋರಾಗಿಯೇ ಹೇಳಿಕೊಳ್ಳುತ್ತ ಹೋದರು.

ಬಸ್ಸು ದವಾಖಾನೆಯ ಮುಂದೆ ನಿಂತಿತು. ಗುಡುಸಾಬ ಮಾಸ್ತರರನ್ನು ಒಳಗೆ ಎಳೆದುಕೊಂಡು ಹೋದ, ಅವನ ಹಿಡಿತ ಪೈಲವಾನನದು. ಕಂಪೌಂಡರು ಹೆಸರು ಕೇಳಿದ. ಮಾಸ್ತರರು ಹೇಳಿದರು. ಏನು ತ್ರಾಸು ಎಂದು ಕೇಳಿದ.

"ಮ್ಯಾಥಮ್ಯಾಟಿಕ್ಸ್ ಶಾರ್ಪನ್ಸ್ ದಿ ಬ್ರೈನ್."

"ತಿಳೀತು," ಎಂದ ಕಂಪೌಂಡರು, ಸೂಜಿಯ ತುದಿಯಿಂದ ಗಾಳಿ ಬಿಡುತ್ತ. "ಮಲಗಸ್ರಿ."

ಚುಚ್ಚಿದ ಮೇಲೆಯೇ ಮಾಸ್ತರರಿಗೆ ಜೇಬಿನಲ್ಲಿದ್ದ ಪರೀಕ್ಷೆಯ ಕಾಗದ ನೆನಪಾಯಿತು. ತೆಗೆದು ಮುಖಕ್ಕೆ ಹಿಡಿದರು. ಕಂಪೌಂಡರು ಓದಿ ನಕ್ಕ, ಗುಡುಸಾಬನಿಗೂ ಓದಿ ಹೇಳಿದ. ಗುಡುಸಾಬ ಹಣೆ ಹಣೆ ಬಡಿದುಕೊಂಡ. "ಮೊದಲೇ ಹೇಳಬಾರದೇನ್ರಿ ಮಾಸ್ತರ? ಹೋಗ್ರಿ, ನಮ್ಮೂರ ಹೆಸರ ತರ್ರಿ!"

ಎರಡು ಗಂಟೆಗೆ ಕಚೇರಿಯಲ್ಲಿ ಮಾಸ್ತರರ ಹೆಸರು ಕೂಗಿದರು. ಕಣ್ಣು ಇನ್ನೂ ಕೆಂಪು, ನೀರು ಇನ್ನೂ ನಿಂತಿಲ್ಲ, ಸೊಂಟದ ಕೆಳಗೆ ಬಲಭಾಗ ಊದಿ ಕೂತಿದೆ, ಅಥವಾ ಕೂರಲು ಬಿಡುತ್ತಿಲ್ಲ. ಸಾಹೇಬರು ಕುರ್ಚಿ ತೋರಿಸಿದರು. ಮಾಸ್ತರರು ಕೂರಲಿಲ್ಲ.

"ಇನ್ ಫ್ರಂಟ್ ಆಫ್ ಎ ಟೀಚರ್, ಐ ಸ್ಟ್ಯಾಂಡ್, ಸರ್."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬೆಳಿಗ್ಗೆಯಿಂದ ಬಂದ ಹದಿನಾಲ್ಕು ಜನರಲ್ಲಿ ಗುರುವಿನ ಮುಂದೆ ನಿಂತು ಮಾತಾಡಿದವರು ಇವರೊಬ್ಬರೇ. ನಿಮಗೆ ಇಷ್ಟದ ವಿಷಯ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭೂಗೋಳ ಎಂದರು ಮಾಸ್ತರರು. ಭೂಗೋಳದಿಂದ ಏನು ಉಪಯೋಗ?

ನೋಟುಬುಕ್ಕಿನಲ್ಲಿ ಇದಕ್ಕೆ ಉತ್ತರವಿತ್ತು. ಆದರೆ ಬೆಳಗಿನಿಂದ ಎಲ್ಲರಿಗೂ ಹಂಚಿ ಹಂಚಿ ನಲವತ್ತೂ ವಾಕ್ಯ ಖರ್ಚಾಗಿಹೋದಂತಿದ್ದವು. ಆಗ ಬಾಯಿಗೆ ಬಂದದ್ದು ನಲವತ್ತೊಂದನೆಯದು, ಯಾವ ಗೈಡಿನಲ್ಲೂ ಇಲ್ಲದ್ದು. "ಬೈ ಜಾಗ್ರಫಿ ಐ ನೋ, ಸರ್, ಹೌ ಫಾರ್ ಈಸ್ ಜೇವರ್ಗಿ ಫ್ರಮ್ ಕರಜಗಿ. ಮೈ ವೈಫ್ ಈಸ್ ದೇರ್. ಸಿಕ್ಸ್ ಇಯರ್ಸ್. ಎವರಿ ಸ್ಟೋನ್ ಆನ್ ದಿ ರೋಡ್ ಐ ನೋ, ಸರ್."

ಹೇಳುವಾಗ ಕಣ್ಣಿಂದ ನೀರು ಇಳಿಯಿತು. ಅದರಲ್ಲಿ ಪ್ಯಾರಿಬಿಯ ಮೆಣಸಿನಕಾಯಿಯ ಪಾಲೆಷ್ಟು, ಮಾಸ್ತರರ ಸ್ವಂತದ್ದೆಷ್ಟು ಎಂಬುದು ಅವರಿಗೂ ತಿಳಿಯಲಿಲ್ಲ. ಸಾಹೇಬರು ಪೆನ್ನು ಕೆಳಗಿಟ್ಟರು. ಮೇಜಿನ ಈಚೆಗೆ ಬಂದು ಮಾಸ್ತರರ ಕೈ ಕುಲುಕಿದರು.

ಅಲ್ಲಿಯೇ ಆದೇಶ ಬರೆದರು. ಸೋಮವಾರವೇ ಜೇವರ್ಗಿಯಲ್ಲಿ ಹಾಜರಾಗಬೇಕು, ಮೂರು ವರ್ಷ ಬೇರೆ ಕಡೆಗೆ ವರ್ಗ ಕೇಳುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಮೂರು ಏಕೆ, ಮೂವತ್ತಾದರೂ ಸೈ ಎಂದು ಮಾಸ್ತರರು ಇಂಗ್ಲಿಷಿನಲ್ಲೇ ಸಹಿ ಹಾಕಿ, ಸಹಿಯ ಕೆಳಗೆ ಎರಡು ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕಿ ಇಟ್ಟರು.

ಹೊರಗೆ ಬಂದಾಗ ಅಫಜಲಪುರದ ಧೂಳು ಕೂಡ ಅವರಿಗೆ ಚೆಂದ ಕಂಡಿತು. ಇನ್ನು ಕಾಯುವುದಿಲ್ಲ, ಸಿಕ್ಕ ಗಾಡಿ ಹಿಡಿದು ಜೇವರ್ಗಿಗೆ ಹೋಗಿ ಬಾಗಿಲು ಬಡಿದು ಸುದ್ದಿ ಹೇಳುವುದೇ. ಬರಿಗೈಲಿ ಹೋಗಬಾರದು, ಆಕೆ ಏನು ತರಹೇಳಿದ್ದಾಳೋ ಇಲ್ಲೇ ಬಜಾರದಲ್ಲಿ ಕೊಳ್ಳೋಣವೆಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಹತ್ತಿರ ನಿಂತು, ವ್ರತ ಮುಗಿಸಿ, ಚೀಟಿ ಬಿಚ್ಚಿದರು.

"ನಮಸ್ಕಾರ ವಿಶೇಷ. ಕರಜಗಿ ದವಾಖಾನಿಗಿ ನನ್ನ ವರ್ಗದ ಆರ್ಡರ್ ನಿನ್ನೆ ಸಂಜಿ ಬಂತು. ನಾಕು ತಿಂಗಳ ಹಿಂದ ಅರ್ಜಿ ಹಾಕಿದ್ದೆ. ಹೇಳಿದ್ರ ಎಲ್ಲಿ ತಪ್ಪತದೋ ಅಂತ ನಿಮಗ ಹೇಳಿರಲಿಲ್ಲ. ಇವತ್ತ ಸಂಜಿ ಬಸ್ಸಿಗಿ ಸಾಮಾನ ಹೇರಿಕೊಂಡ ಬರ್ತೇನಿ. ನೀವು ಪರೀಕ್ಷಾಕ್ಕ ಹೋಗಬ್ಯಾಡ್ರಿ. ಚೀಟಿ ಓದೂದರಾಗ ಹೊರಟುಬಿಟ್ಟಿದ್ರೂ ಚಿಂತಿಲ್ಲ, ಪ್ರತಿ ಸಲದಂಗ ಮಾತಾಡಿ ಬರ್ರಿ."

ಮಾಸ್ತರರು ಚುಚ್ಚಿದ ಬದಿಯ ಕಾಲನ್ನು ಎಳೆಯುತ್ತ ಕಚೇರಿಗೆ ಓಡಿದರು. ಕಚೇರಿಗೆ ಬೀಗ ಬಿದ್ದಿತ್ತು. ಸಾಹೇಬರ ಜೀಪು ಮುಚ್ಚಳಿಕೆಯ ಸಮೇತ ಹೋಗಿ ಕಾಲು ಗಂಟೆಯಾಗಿತ್ತು. ಜವಾನ ಕೀಲಿಕೈ ತಿರುಗಿಸುತ್ತ, "ಸಾಹೇಬರು ನಿಮ್ಮದೇ ಮಾತಾಡಕೋತ ಹೋದ್ರರಿ. ಇಂಥವರು ಜೇವರ್ಗಿ ಬಿಟ್ಟು ಎಲ್ಲೂ ಹೋಗಬಾರದು ಅಂದ್ರು," ಎಂದು ಅಭಿನಂದನೆ ಹೇಳಿದ.

ಐದು ಗಂಟೆಗೆ ಬಸ್ಸು ಬಂತು. ಮೇಲೆ ಒಂದು ಕಬ್ಬಿಣದ ಮಂಚ, ಒಂದು ಟ್ರಂಕು, ಬೀಸುಕಲ್ಲು, ಕಾಲು ಮೇಲೆ ಮಾಡಿದ ಎರಡು ಕುರ್ಚಿ. ಕಿಟಕಿಯಲ್ಲಿ ಶಿವಕಾಂತಾ, ಹೊಸ ಇಳಕಲ್ ಸೀರೆ, ಮುಖದ ತುಂಬ ನಗು. ಗಂಡನನ್ನು ಕಂಡವಳೇ ಇಳಿದು ಬಂದಳು.

"ಚೀಟಿ ಓದಿದ್ರಿಲ್ಲೋ?"

"ಈಗ ಓದಿದೆ," ಎಂದರು ಮಾಸ್ತರರು. ಅದು ಅಂದಿನ ಅವರ ಮೊದಲ ಕನ್ನಡ ವಾಕ್ಯ.

"ಈಗಾ?" ಶಿವಕಾಂತಾಳ ನಗು ಅರ್ಧಕ್ಕೆ ನಿಂತಿತು. "ಮತ್ತ ಪರೀಕ್ಷಾ?"

"ಪಾಸಾದೆ. ಸೋಮವಾರ ಜೇವರ್ಗಿಗಿ ಹಾಜರಾಗಬೇಕು. ಮೂರು ವರ್ಷ ಬಿಡೂಹಂಗಿಲ್ಲ ಅಂತ ಬರಕೊಟ್ಟೇನಿ."

ಶಿವಕಾಂತಾ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಜಾಗಕ್ಕೆ ಬಂದ ನರ್ಸು ಮಧ್ಯಾಹ್ನವೇ ಜೇವರ್ಗಿಯ ಕ್ವಾರ್ಟರ್ಸಿನಲ್ಲಿ ಒಲೆ ಹೊತ್ತಿಸಿ ಆಗಿತ್ತು. ಗಂಡನ ಕೆಂಪು ಕಣ್ಣುಗಳನ್ನೇ ನೋಡುತ್ತ ಶಿವಕಾಂತಾ ಕೇಳಿದಳು: "ಎರಡು ಸಲ ನಪಾಸ ಆದವ್ರಿಗಿ ಇದೊಂದ ಸಲ ಆಗಾಕ ಬರಲಿಲ್ಲೇನ್ರಿ? ನಿಮ್ಮ ಇಂಗ್ಲಿಷಿನ ಮ್ಯಾಲೆ ಅಷ್ಟ್ ಭರವಸಾ ಇಟ್ಟು ಅರ್ಜಿ ಹಾಕಿದ್ನಲ್ರಿ ನಾ!"

ಮಾಸ್ತರರು ಬೆಳಿಗ್ಗೆ ಚೀಟಿ ಇಳಿಸಿದ್ದ ಜೇಬಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ಅಬ್ದುಲ್ ಗನಿ ಎರಡು ಸಲ ಸೀಟಿ ಊದಿ, ಪಾಪ ಅನ್ನಿಸಿ ಮೂರನೆಯದನ್ನು ಊದದೆ ನಿಂತ. ಶಿವಕಾಂತಾ ಎದ್ದಳು. ಚೀಲದಿಂದ ಪೆನ್ನು ತೆಗೆದು, ಗಂಡನ ಕೈಯಲ್ಲಿದ್ದ ಚೀಟಿಯನ್ನೇ ತಿರುವಿ ಅದರ ಬೆನ್ನಿಗೆ ಏನೋ ಬರೆದು, ಕೈಗೆ ಕೊಡುವ ಬದಲು ರೂಢಿಯಂತೆ ಅಬ್ದುಲ್ ಗನಿಯ ಕೈಗೆ ಕೊಟ್ಟಳು. ಅವನು ಎರಡು ಹೆಜ್ಜೆ ನಡೆದು ಮಾಸ್ತರರಿಗೆ ಮುಟ್ಟಿಸಿದ.

"ಓದ್ರಿ ಮಾಸ್ತರ್ ಸಾಬ್. ಈ ಸಲ ಈಗಿಂದೀಗ."

ಮಾಸ್ತರರು ನಿಂತಲ್ಲೇ, ಒಂದಕ್ಷರ ಬಿಡದೆ ಓದಿದರು. "ಮುಂದಿನ ಶನಿವಾರ ಜೇವರ್ಗಿಯಿಂದ ಬರುವಾಗ ಸೊಳ್ಳಿ ಪರದಿ ತರ್ರಿ. ಮರತು ಬಂದೇನಿ."