ಮಂಜಣ್ಣನ ಡಾಲರ್ ಮತ್ತು ನನ್ನ ಅಯಸ್ಕಾಂತ

ಕಂಡ ತಪ್ಪನ್ನು ಹೇಳದೆ ಬಿಟ್ಟ ದಿನ ನನಗೆ ಊಟ ಸೇರುವುದಿಲ್ಲ. ಇದು ರೋಗವೆಂದು ನನ್ನ ಪತಿ ಸುಬ್ರಾಯರೂ ಶಿಕ್ಷಣದ ಫಲವೆಂದು ನಾನೂ ಮದುವೆಯಾದ ವಾರದಿಂದ ವಾದಿಸುತ್ತ ಬಂದಿದ್ದೇವೆ. ನಾನು ಕಲಿತದ್ದು, ಪ್ರಶ್ನೆ ಕೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಒಂದು ಪ್ರಗತಿಪರ ಶಾಲೆಯಲ್ಲಿ. ಹಾಗಾಗಿ ಶಿಕ್ಷಕಿಯಾಗಿದ್ದಾಗಲೂ ನಿವೃತ್ತಿಯ ಅನಂತರವೂ ನನ್ನ ಹೋರಾಟ ನಿಂತಿಲ್ಲ. ಶಿರಸಿ ಪೇಟೆಯ ತಕ್ಕಡಿಯ ಕೆಳಗೆ ಅಂಟಿಕೊಂಡಿದ್ದ ಹುಣಸೆಹಣ್ಣನ್ನು ನಾನು ಸಾರ್ವಜನಿಕವಾಗಿ ಕಿತ್ತು ತೋರಿಸಿದ್ದೇನೆ. ಮದುವೆಯ ಕರೆಯೋಲೆಯಲ್ಲಿ ಹೆಂಡತಿಯ ಹೆಸರು ನುಂಗಿ ‘ದಂಪತಿಗಳು’ ಎಂದು ಅಚ್ಚು ಹಾಕಿಸಿದವರಿಗೆ ಪತ್ರ ಬರೆದಿದ್ದೇನೆ. ಅಂಥವರ ಮನೆಯ ಊಟಕ್ಕೂ ಹೋಗಿದ್ದೇನೆ, ಅದು ಬೇರೆ ಮಾತು.

ಈ ವರ್ಷ ನಮ್ಮ ಎಕ್ಕಂಬಿಯ ಮಹಿಳಾ ಥ್ರೋಬಾಲ್ ಪಂದ್ಯಾವಳಿಯ ಆಮಂತ್ರಣದ ಕರಡು ತಿದ್ದಲೆಂದು ನನ್ನ ಕೈಗೆ ಬಂತು. ಅದರಲ್ಲೊಂದು ಸಾಲು: ‘ಇನ್ನೂರು ವರ್ಷಕ್ಕೂ ಹಳೆಯ ಅಮೆರಿಕದ ಬೆಳ್ಳಿ ನಾಣ್ಯದಿಂದ ಟಾಸ್.’ ಆ ನಾಣ್ಯ ನಮ್ಮ ರೆಫರಿ ಮಂಜಣ್ಣನದು. ಅಂಚೆಯಣ್ಣನಾಗಿ ನಿವೃತ್ತನಾದ ಮಂಜಣ್ಣ ಇಪ್ಪತ್ತು ವರ್ಷಗಳ ಹಿಂದೆ, ಮಾಗೋಡು ಜಲಪಾತ ಹುಡುಕುತ್ತ ದಾರಿ ತಪ್ಪಿದ್ದ ಅಮೆರಿಕದ ಪ್ರವಾಸಿಯೊಬ್ಬನನ್ನು ಸರಿದಾರಿಗೆ ಹಚ್ಚಿದ್ದಕ್ಕೆ ಸಿಕ್ಕ ಕಾಣಿಕೆ ಅದು. ಒಂದು ಮುಖದಲ್ಲಿ ಕೂದಲು ಇಳಿಬಿಟ್ಟ ಹೆಂಗಸು, ಕೆಳಗೆ 1795 ಎಂಬ ಇಸವಿ. ಇನ್ನೊಂದು ಮುಖದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ. ಅಂದಿನಿಂದ ನಮ್ಮ ಮೈದಾನದಲ್ಲಿ ‘ಹೆಡ್ಡೋ ಟೇಲೋ’ ಎಂದು ಯಾರೂ ಕೇಳುವುದಿಲ್ಲ. ‘ಹಕ್ಕಿಯೋ ಹೆಂಗಸೋ’ ಎಂದೇ ಕೇಳುತ್ತಾರೆ. ಹಾದಿಬದಿಯಲ್ಲಿ ಒಂದು ರೂಪಾಯಿ ಹಾರಿಸುವ ಮಕ್ಕಳು ಕೂಡ.

ಆದರೆ ಅಚ್ಚಾಗುವ ಮಾತಿಗೆ ಆಧಾರ ಬೇಡವೆ? ಮೊಬೈಲಿನಲ್ಲಿ ಮೂರು ದಿನ ಓದಿ, ಮಂಜಣ್ಣನ ಜಗುಲಿಗೆ ಹೋದೆ. ಕರವಸ್ತ್ರ ಬಿಚ್ಚಿ, ನಾಣ್ಯವನ್ನು ಆತ ಎರಡೂ ಕೈಯಿಂದ ಕೊಟ್ಟ. ಅಸಲಿ ಡಾಲರ್ ಸುಮಾರು ಇಪ್ಪತ್ತೇಳು ಗ್ರಾಂ ತೂಗಬೇಕು. ನಾನು ಒಯ್ದಿದ್ದ ತಕ್ಕಡಿಯಲ್ಲಿ ಇದು ಇಪ್ಪತ್ತಕ್ಕೇ ನಿಂತಿತು. ಅಸಲಿಯ ಅಂಚಿನ ಸುತ್ತ ಅಕ್ಷರಗಳಿರಬೇಕು. ಇದರ ಅಂಚಿನಲ್ಲಿ ಎರಡು ಅರ್ಧಗಳನ್ನು ಕೂಡಿಸಿದ ಗೆರೆಯಿತ್ತು. ಕೊನೆಗೆ ನಮ್ಮ ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದಿದ್ದ, ಮಾಗೋಡು ಜಲಪಾತದ ಚಿತ್ರವೇ ಇರುವ ಅಯಸ್ಕಾಂತವನ್ನು ಹಿಡಿದೆ. ಬೆಳ್ಳಿಗೆ ಅಯಸ್ಕಾಂತದ ಹಂಗಿಲ್ಲ. ಇದೋ, ಟಕ್ಕನೆ ಹೋಗಿ ಅಂಟಿತು.

ನಾನು ವಿಜಯದ ಉಸಿರು ಬಿಡುವಷ್ಟರಲ್ಲಿ ಮಂಜಣ್ಣ ಕೇಳಿದ, “ಹಂಗಾರೆ ಇಪ್ಪತ್ತು ವರ್ಷ ನಾ ಸುಳ್ಳು ಹಾರ್ಸದ್ನಾ ಅಕ್ಕೋರೆ?”

ನಾನು ಮತ್ತೆ ಮೊಬೈಲ್ ತೆಗೆದೆ. ಆತ ನಾಣ್ಯವನ್ನೂ ಸೀಟಿಯನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಿ, ಈ ಭಾನುವಾರದ ಪಂದ್ಯಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದ. ಎರಡೂ ಕಡೆಯವರು ತುಟಿ ಬಿಚ್ಚದೆ ಒಪ್ಪುವ ರೆಫರಿ ನಮ್ಮಲ್ಲಿ ಬೇರೆ ಇಲ್ಲ. ಅಪರಾಧಿ ಯಾರೆಂದು ಪತ್ರ ಬರೆಯೋಣವೆಂದರೆ, ಪ್ರೀತಿಯಿಂದ ಕಾಣಿಕೆ ಕೊಟ್ಟು ಹೋದ ಪ್ರವಾಸಿಯ ವಿಳಾಸವಿರಲಿಲ್ಲ. ವಿಳಾಸವಿದ್ದ ಅಪರಾಧಿ ಒಬ್ಬಳೇ, ಮತ್ತು ಅವಳಿಗೆ ಪತ್ರ ಬರೆಯುವ ಅಭ್ಯಾಸ ನನಗಿಲ್ಲ.

ಮರುದಿನ, ಸುದ್ದಿ ಮುಟ್ಟಿ, ಉಮ್ಮಚಗಿಯಿಂದ ಫೋನು ಬಂತು. ನನ್ನ ನಾದಿನಿ ಯಶೋದಾ ಅಲ್ಲಿಯ ತಂಡದ ನಾಯಕಿ. ಐದು ವರ್ಷಗಳ ಹಿಂದಿನ ಅಂತಿಮ ಪಂದ್ಯದಲ್ಲಿ ಅವರೂ ನಾವೂ ಸಮಸಮ ಇರುವಾಗ ಕತ್ತಲಾಗಿ, ಕಪ್ ಯಾರದೆಂಬುದನ್ನು ಮಂಜಣ್ಣನ ಟಾಸ್ ತೀರ್ಮಾನಿಸಿತ್ತು. ಆ ದಿನ ನಮ್ಮ ತಂಡದ ನಾಯಕಿಯಾಗಿ ನಾನು ‘ಹೆಂಗಸು’ ಎಂದು ಕೂಗಿದ್ದೆ. ಹೆಂಗಸನ್ನು ಬಿಟ್ಟು ಹಕ್ಕಿಯನ್ನು ಆರಿಸುವುದು ನನ್ನ ತತ್ತ್ವಕ್ಕೆ ಒಗ್ಗದು. ತತ್ತ್ವ ಗೆದ್ದು, ‘ಬೆಳ್ಳಿ ಕಪ್’ ಎಂದು ಪೀಠದ ಮೇಲೆ ಕೊರೆದಿರುವ ಆ ಕಪ್ ಅಂದಿನಿಂದ ನಮ್ಮ ಫ್ರಿಜ್ಜಿನ ಮೇಲಿದೆ. ನನ್ನ ಆಯುಷ್ಯದಲ್ಲಿ ನನಗೆ ಬಂದ ಬಹುಮಾನ ಅದೊಂದೇ.

“ಅತ್ಗೆ, ನಾಣ್ಯ ಖೋಟಾ ಹೇಳಾದ್ರೆ ಟಾಸೂ ಖೋಟಾನೇ ಆತಲೆ? ಭಾನುವಾರ ಬಪ್ಪಕಾರೆ ಆ ಕಪ್ ತಗಂಬಾ,” ಎಂದು ಕಪ್ಪನ್ನು ವಾಪಸು ಕೇಳಿದಳು ಯಶೋದಾ.

ತಂಗಿ ಹೇಳಿದ್ದರಲ್ಲಿ ತಪ್ಪೇನೂ ಕಾಣಿಸುವುದಿಲ್ಲವೆಂದು ಸುಬ್ರಾಯರು ಪತ್ರಿಕೆಯ ಮರೆಯಿಂದ ನುಡಿದರು.

ಅಂದು ಸಂಜೆ, ಜೀವನದಲ್ಲಿ ಮೊದಲ ಬಾರಿಗೆ, ನಾನು ಖೋಟಾದ ಪರ ವಕೀಲಳಾದೆ. ಮಂಜಣ್ಣನ ಜಗುಲಿಯಲ್ಲಿ ಕೂತು, ಡಬ್ಬಿ ತೆಗೆಸಿ, ನಾಣ್ಯವನ್ನು ನಾನೇ ನೂರು ಸಲ ಹಾರಿಸಿದೆ. ಹೆಂಗಸೂ ಹಕ್ಕಿಯೂ ಹೆಚ್ಚುಕಡಿಮೆ ಸಮನಾಗಿಯೇ ಬಿದ್ದರು. ನಾಣ್ಯದ ಹುಟ್ಟು ಬೇರೆ, ಅದರ ನಡತೆ ಬೇರೆ. ಹುಟ್ಟನ್ನು ನೋಡಿ ನಡತೆಯನ್ನು ಅಳೆಯುವುದೇ ಸಮಾಜದ ದೊಡ್ಡ ಅನ್ಯಾಯ ಎಂದು ವಿವರಿಸಿದೆ. ನನ್ನ ಭಾಷಣವನ್ನು ಮಂಜಣ್ಣ ಪೂರ್ತಿ ಕೇಳಿದ.

“ನಿನ್ನೆ ನಾ ಇದನ್ನೇ ಹೇಳೂಕೆ ಹೊರಟಿದ್ದೆ,” ಎಂದ. “ನೀವು ಕಾಂತ ಹಿಡ್ಕಂಡು ಕೂತಿದ್ರಿ.”

ಭಾನುವಾರ ಆತ ಸೀಟಿ ಹಾಕಿಕೊಂಡೇ ಬಂದ. ಈ ನಾಣ್ಯ ನಕಲಿ, ಅಕ್ಕೋರು ಪರೀಕ್ಷೆ ಮಾಡಿದ್ದಾರೆ, ಟಾಸ್ ಮಾತ್ರ ಅಸಲಿ ಎಂದು ಮೈಕಿನಲ್ಲಿ ಸಾರಿದ. ಮೈದಾನ ನಕ್ಕಿತು, ಆತನೂ ನಕ್ಕ. ನನ್ನ ಎದೆಯ ಭಾರ ಅರ್ಧ ಇಳಿಯಿತು. ಉಳಿದರ್ಧ ಕಪ್ಪಿನದು. ಹಳೆಯ ಟಾಸನ್ನು ಇನ್ನೊಮ್ಮೆ ಹಾಕಿಯೇ ಬಿಡೋಣವೆಂದು ಮಂಜಣ್ಣ ನಾಣ್ಯ ಚಿಮ್ಮಿದ. ನಾನು ಬಾಯಿ ತೆರೆಯುವ ಮೊದಲೇ ಯಶೋದಾ ‘ಹೆಂಗಸು’ ಎಂದು ಕೂಗಿಬಿಟ್ಟಳು. ನನಗುಳಿದದ್ದು ಹಕ್ಕಿ. ಸ್ತ್ರೀಕುಲದ ವಿರುದ್ಧ ಅಷ್ಟು ಮನಸಾರೆ ನಾನು ಎಂದೂ ಹಾರೈಸಿದವಳಲ್ಲ. ಹಕ್ಕಿಯೇ ಬಿತ್ತು.

ಮನೆಗೆ ಬಂದು ಅಯಸ್ಕಾಂತವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೆ. ಸುಬ್ರಾಯರು ತಲೆಯೆತ್ತಿ ಮೇಲಿದ್ದ ಕಪ್ಪನ್ನು ನೋಡಿದರು.

“ಬೆಳ್ಳಿ ಹೇಳಿ ಬರದ್ವಲೆ. ಅದಕ್ಕೂ ಒಂದ್ಸಲ ಹಿಡಿದು ನೋಡ್ತ್ಯನೇ?”

ಆಧಾರವಿಲ್ಲದೆ ಅನುಮಾನಿಸುವುದು ಸಲ್ಲದೆಂದು ಉತ್ತರ ಕೊಟ್ಟೆ. ಆಧಾರ ಕಪ್ಪಿನಿಂದ ಒಂದು ಗೇಣು ಕೆಳಗೆ ಅಂಟಿಕೊಂಡಿದೆ. ದಿನವೂ ಧೂಳು ಒರೆಸುವಾಗ ಆ ಗೇಣನ್ನು ಗೇಣಾಗಿಯೇ ಕಾಯುತ್ತೇನೆ. ಫ್ರಿಜ್ಜಿನ ಬಾಗಿಲನ್ನು ಈಗ ಬಹಳ ಮೆಲ್ಲಗೆ ತೆರೆಯುತ್ತೇನೆ.