ಹೆಸರಿನ ಬೇರು ಅಗೆಯೋ ಡಾಕ್ಟರು

ದವಾಖಾನ್ಯಾಗ ಇಂಥಾವು ಆಗ್ತಾನೇ ಇರ್ತಾವ. ನಕ್ಕರ ರೋಗಿಗೆ ಸಿಟ್ಟು, ನಗದಿದ್ರ ನಮ್ಮ ಹೊಟ್ಟಿಗೆ ಬ್ಯಾನಿ. ನಮ್ಮ ಬೀದರ ಸೀಮಿ ಮೈಸೂರ ರಾಜ್ಯಕ್ಕ ಸೇರಿದ ಹೊಸದ್ರಾಗ ನಾ ಭಾಲ್ಕ್ಯಾಗ ನರ್ಸ್ ಇದ್ದೆ. ಮೈಸೂರ ಕಡಿಂದ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಬಂದ್ರು. ಛಲೋ ಮನಷ್ಯಾ, ಆದ್ರ ಒಂದು ಹುಚ್ಚು. ರೋಗದ್ದಿರ್ಲಿ ಅಂಗದ್ದಿರ್ಲಿ, ಯಾವ ಹೆಸರು ಹೇಳಿದ್ರೂ ಅದರ ಬೇರು ಅಗದು ತೋರಸ್ಬೇಕು, ಇದು ಗ್ರೀಕ್, ಇದು ಲ್ಯಾಟಿನ್ ಅಂತ.

"ಹೆಸರಿನ ಅರ್ಥ ಗೊತ್ತಾದ್ರೆ ಭಯ ಹೋಗುತ್ತೆ ಸಿಸ್ಟರ್," ಅಂತಿದ್ರು.

ನನಗ ಬೇಕಾಗಿದ್ದೂ ಅದೇ. ನನ್ನ ಸಾಕಿ ಬೆಳಸಿದ ದೊಡ್ಡವ್ವನ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರಿ ಬಂದು ಬೆಳ್ಳಗಾಗಿದ್ವು. ಬೀದರಕ್ಕ ಹೋಗಿ ತೆಗಿಸ್ಕೋ ಅಂದ್ರ ಕತ್ತರಿಗೆ ಅಂಜಿ ಒಲ್ಲೆ ಅಂತಿದ್ಲು. ಹಿಂಗೇ ಬಿಟ್ರ ಪೂರಾ ಕುರುಡಿ ಆಗ್ತಾಳಲ್ಲಾ ಅಂತ ನನಗ ಸಂಕಟ.

ಕೆಟ್ಟ ಹವಾ

ಹಲಬರ್ಗಾದ ಒಬ್ಬ ರೈತಗ ಥಂಡಿಜ್ವರ. ಮಲೇರಿಯಾ ಅಂದ್ರ ಇಟಲಿ ಭಾಷಾದಾಗ ಕೆಟ್ಟ ಹವಾ, ಹಿಂದಿನವ್ರು ಹವಾದಿಂದ ಬರ್ತದಂತ ತಿಳದಿದ್ರು ಅಂದ್ರು ಡಾಕ್ಟರ ಸಾಹೇಬ್ರು. ಸೊಳ್ಳಿ ಮಾತು ಬರೂದ್ರಾಗ ಅಂವ ಗುಳಗಿ ತಗೊಂಡು ಎದ್ದು ಹೋಗಿದ್ದ.

ವಾರ ಬಿಟ್ಟು ನೋಡ್ಲಿಕ್ಕ ಹೋದಿವಿ. ಮಟಮಟ ಮಧ್ಯಾಹ್ನ. ಕಿಟಕಿ, ಬೆಳಕಿಂಡಿ, ಬಾಗಲ ಸಂದಿ, ಎಲ್ಲಾ ಸೆಗಣಿ ಮೆತ್ತಿ ಬಂದ್. ಬಾಗಲಾ ಬಡದ್ರ ಮಾತಿಲ್ಲ, ಒಳಗಿಂದ ಬರೀ ಗುಂಯ್ ಅನ್ನೂ ಸಪ್ಪಳ. ಕಡೀಕ ಬಾಗಲಾ ಬೆರಳಷ್ಟು ತೆರೀತು. ಕತ್ತಲದಾಗ ಮನಿಮಂದಿ ಎಲ್ಲಾ ಕಂಬಳಿ ಹೊತ್ತು ಕುಂತಿದ್ರು.

"ಒಂದು ಎಳಿ ಹವಾ ಒಳಗ ಬಂದಿಲ್ರಿ ಸಾಹೇಬ್ರ," ಅಂದ ರೈತ. "ಒಂದು ಸೊಳ್ಳಿನೂ ಹೊರಗ ಹೋಗಿಲ್ಲ."

ತೊಗಲಿನ ಕೆಳಗ

ಸಂತಿ ದಿನ ಔರಾದಕ್ಕ ಹೋಗಿ ರೋಗಿ ನೋಡ್ತಿದ್ದಿವಿ. ಚಿಂತಾಕಿ ಕಡಿಂದ ಕುರಿ ಕಾಯೋ ಮುದುಕ ಒಬ್ಬ ಬಂದ. ಮೀನಖಂಡದಾಗ ಏನೋ ಓಡ್ತದ ಅಂದ. ನಾನೂ ನೋಡಿದೆ, ಖರೇನೇ ತೊಗಲಿನ ಕೆಳಗ ಏನೋ ಸರದಾಡ್ತು. ಇದು ಮಸಲ್, ಅಂದ್ರ ಸ್ನಾಯು, ಲ್ಯಾಟಿನ್‌ದಾಗ ಸಣ್ಣ ಇಲಿ, ಹಿಂಗ ಓಡಿದಂಗ ಕಾಣ್ತದಂತ ಆ ಹೆಸರು, ಅಂಜಬ್ಯಾಡ ಅಂತ ಸಾಹೇಬ್ರು ನಕ್ಕೋತ ಹೇಳಿದ್ರು. ಮುದುಕ ನಗಲಿಲ್ಲ.

ಮುಂದಿನ ಸಂತಿಗೆ ಬಂಡ್ಯಾಗ ಕಾಲು ಚಾಚಿ ಕುಂತು ಬಂದ. ಕಾಲ ಮ್ಯಾಲೆ ಕಂಬಳಿ. ಆ ಕಂಬಳಿ ಉಸಿರಾಡ್ಲಿಕ್ಕತ್ತಿತ್ತು. ಸಾಹೇಬ್ರು ಹಿಂದ ಸರದ್ರು. ಸರಸಿ ನೋಡಿದ್ರ ಬೆಕ್ಕು.

ಇದು ಮಲಗಿದಾಗಿಂದ ಇಲಿ ಮಿಸುಕಿಲ್ರಿ ಅಂದ ಮುದುಕ. ಸಾಹೇಬ್ರು ಗುಳಗಿ ಕೊಡಲಿಲ್ಲ, ಬೆಕ್ಕೇ ಮುಂದುವರೀಲಿ ಅಂದ್ರು.

ಗೊಂಬಿ

ಇದೆಲ್ಲಾ ಕೇಳಿದ ದೊಡ್ಡವ್ವ, ನಿಮ್ಮ ಸಾಹೇಬನ ಮುಂದ ನಾ ಕಣ್ಣೇ ತೆರಿಯಂಗಿಲ್ಲ ಅಂದ್ಲು. ಆದ್ರೂ ನಾ ಅವ್ರನ್ನ ಮನಿಗೆ ಕರದೆ. ದೀಪ ಹಚ್ಚೂ ಹೊತ್ತು. ಕಣ್ಣಿನ ನಡುವಿನ ಕರೀ ಬೊಟ್ಟಿಗೆ ಪ್ಯೂಪಿಲ್ ಅಂತಾರ, ಲ್ಯಾಟಿನ್‌ದಾಗ ಪುಟ್ಟ ಗೊಂಬಿ, ಎದರಿಗಿದ್ದವ್ರ ಕಣ್ಣಾಗ ನಮ್ಮ ರೂಪ ಗೊಂಬಿಯಂಗ ಕಾಣ್ತದಲ್ಲಾ, ಅದಕ್ಕ ಅಂತ ಸುರು ಮಾಡಿದ್ರು.

ನಾವೂ ಗೊಂಬಿನೇ ಅಂತೀವಿ, ನನ್ನ ಕಣ್ಣಾಗ ನಿನ್ನ ಗೊಂಬಿ ಅದನೇನು ನೋಡು ಅಂದ್ಲು ದೊಡ್ಡವ್ವ.

ಸಾಹೇಬ್ರು ಬಗ್ಗಿದ್ರು. ಬರೇ ಬಿಳುಪು. ದೀಪ ಹತ್ರ ಹಿಡದು ಇನ್ನೊಂದು ಕಣ್ಣು ನೋಡಿದ್ರು. ಅಲ್ಲೂ ಇಲ್ಲ.

"ಯಾರ ಗೊಂಬಿ ಕಾಣಂಗಿಲ್ಲೋ," ದೊಡ್ಡವ್ವ ಭಾಳ ಮೆತ್ತಗ ಅಂದ್ಲು, "ಅವ್ರು ಭಾಳ ದಿನ ಉಳಿಯಂಗಿಲ್ಲ ಯಪ್ಪಾ."

ಸಾಹೇಬ್ರು ನಕ್ರು. ನಗು ಅರ್ಧಕ್ಕೇ ನಿಂತಿತು. ಕಣ್ಣು ಬೆಳ್ಳಗಾದದ್ದಕ್ಕ ಕಾಣಲಿಲ್ಲ ಅಷ್ಟೇ ಅಂತ ದಾರಿ ತುಂಬ ನನಗ ತಿಳಿಸಿ ಹೇಳಿದ್ರು. ಮರುದಿನ ಕುರು ಆದವ್ರು, ಕೆಮ್ಮು ಬಂದವ್ರು, ಎಲ್ಲಾರ ಕಣ್ಣಾಗೂ ಬಗ್ಗಿ ಬಗ್ಗಿ ನೋಡಿದ್ರು. ಚಪರಾಸಿನ್ನೂ ಬಿಡಲಿಲ್ಲ. ಅವ್ರ ಕಣ್ಣಾಗ ಗೊಂಬಿ ಕಂಡ್ರೂ ದೊಡ್ಡವ್ವನ ಮಾತು ತಲಿಯಿಂದ ಹೋಗಲಿಲ್ಲ. ಊಟ ಸೇರಲಿಲ್ಲ, ಮಾರಿ ಸೊರಗಿ ಹೋತು.

ನಾ ಅದನ್ನ ಹೇಳಿದ್ದೇ ತಡ, ದೊಡ್ಡವ್ವ ಎದ್ದು ಸೀರಿ ಗಂಟು ಕಟ್ಟಿದ್ಲು.

"ಅವನ್ನ ಹಡದಾಕಿ ದೂರ ಅದಾಳ. ಆ ಕೂಸು ನನ್ನ ಕಣ್ಣಾಗ ಸಾಯಬಾರದು. ನಡಿ ಬೀದರಕ್ಕ."

ನನಗ ಅಳು ಬಂತು. ತನ್ನ ಸಲುವಾಗಿ ಒಲ್ಲೆ ಅಂದಾಕಿ ಅವ್ರ ಸಲುವಾಗಿ ಹೊಂಟಿದ್ಲು.

ಬೀದರದಾಗ ಮೊದಲ ಒಂದು ಕಣ್ಣಿನ ಪೊರಿ ತೆಗದ್ರು. ಪಟ್ಟಿ ಬಿಚ್ಚೂ ದಿನ ನಮ್ಮ ಸಾಹೇಬ್ರು ಎಲ್ಲಾರ್ನೂ ಸರಸಿ ಮುಂದ ಬಗ್ಗಿದ್ರು. ಆ ಕರೀ ಗುಡ್ಡಿನ್ಯಾಗ ಸಣ್ಣ ಗೊಂಬಿ ಒಂದು ಬಾಯಿ ತೆರದು ನೋಡ್ತಿತ್ತು.

"ಇದ್ದೀನಿ ಸಿಸ್ಟರ್," ಅಂದ್ರು.

ದೊಡ್ಡವ್ವ ಅವ್ರ ಗಲ್ಲ ಸವರಿದ್ಲು. "ಈ ಕಣ್ಣಾಗ ಬದುಕಿದಿ ಯಪ್ಪಾ. ಇನ್ನೊಂದ್ರಾಗ ಇನ್ನೂ ಸತ್ತೇ ಇದ್ದಿ. ಅದಕ್ಕ ಯಾವಾಗ ಬರೂಣು?"