ಯಲ್ಲಾಲಿಂಗ ಆರಿಸಿದ ಮೀಟರು

ಎಲ್ಲದಕ್ಕೂ ಕಾರಣ ಒಂದು ಬಲ್ಬು. ಮೂಡಲಗಿಯ ಹತ್ತಿರದ ಆ ಊರಿನ ಹಾಲಿನ ಡೈರಿಯಲ್ಲಿ ಹೋದ ತಿಂಗಳು ವೈರ್‌ಮನ್ ಯಲ್ಲಾಲಿಂಗ ಕರೆಂಟು ಬಂದಿದೆಯೋ ಇಲ್ಲವೋ ನೋಡಲು ತನ್ನ ಹೋಲ್ಡರಿನ ಬಲ್ಬಿನ ಎರಡು ತಂತಿಗಳನ್ನು ಎರಡು ಫೇಜಿಗೆ ಮುಟ್ಟಿಸಿದ. ಒಂದು ಫೇಜಿಗೆ ತಾಳುವ ಬಲ್ಬು ಎರಡಕ್ಕೆ ತಾಳುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಎರಡು ಬಲ್ಬು ಜೋಡಿಸಿಯೇ ಹಿಡಿಯಬೇಕೆಂದು ಅಲ್ಲಿ ನಿಂತಿದ್ದವರಿಗೆ ಅವನೇ ಕೈ ಆಡಿಸುತ್ತ ವಿವರಿಸುತ್ತಿದ್ದ. ಹೇಳಿಕೊಡುವ ಭರದಲ್ಲಿ ಮಾಡುವುದನ್ನು ಮರೆಯುವುದು ಅವನ ಹುಟ್ಟುಗುಣ. ಬಲ್ಬು ಢಂ ಎಂದಿತು, ಗಾಜಿನ ಚೂರುಗಳು ಬಾಯಿ ತೆರೆದಿದ್ದ ಕ್ಯಾನುಗಳಿಗೆ ಬಿದ್ದವು, ಊರಿನ ಎಮ್ಮೆಗಳೆಲ್ಲ ಸೇರಿ ಕೊಟ್ಟ ಹಾಲು ಗಟಾರದ ಪಾಲಾಯಿತು.

ಅದೇ ಡೈರಿಯಲ್ಲಿ ಈವತ್ತು ಮುಂಜಾನೆ ಹಾಲು ತಂಪು ಮಾಡುವ ಟಾಕಿಯ ಮೋಟಾರು ನಿಂತುಬಿಟ್ಟಿತ್ತು. ಯಲ್ಲಾಲಿಂಗ ಓಡೋಡಿ ಬಂದ. ಬರದೆ ಏನು ಮಾಡಿಯಾನು? ಡೈರಿಯ ವರ್ಷದ ಕರೆಂಟಿನ ಕೆಲಸವೆಲ್ಲ ಯಾರಿಗೆ ಎಂದು ಕಮಿಟಿಯವರು ಸಂಜೆ ಕೂತು ಠರಾವು ಬರೆಯುವವರಿದ್ದರು. ಆ ಕೆಲಸ ಸಿಕ್ಕರೆ ದಿನ ಬೆಳಗಾದರೆ ಗಿರಾಕಿಯನ್ನು ಹುಡುಕುವ ಗೋಳು ತಪ್ಪುತ್ತಿತ್ತು. ಆದರೆ ಅಧ್ಯಕ್ಷ ಅಣ್ಣಾಸಾಹೇಬರು ಬಾಗಿಲಿಗೆ ಅಡ್ಡ ನಿಂತಿದ್ದರು. ಅವರ ಕಣ್ಣು ಯಲ್ಲಾಲಿಂಗನ ಚೀಲದಿಂದ ಹಣಕುತ್ತಿದ್ದ ಹೋಲ್ಡರಿನ ಮೇಲಿತ್ತು.

“ಬಲ್ಬ್ ಹಿಡಕೊಂಡು ಈ ಹೊಸ್ತಲಾ ದಾಟಬ್ಯಾಡ, ಯಲ್ಲಾಲಿಂಗ. ಒಂದು ಛಲೋ ಮೀಟರ್ ತಗೊಂಡು ಬಾ. ಸಂಜೀ ಹಾಲು ಬರೂದ್ರಾಗ ಮೋಟಾರ್ ಚಾಲೂ ಮಾಡಿದಿ ಅಂದ್ರ ಠರಾವಿನ್ಯಾಗ ನಿನ್ನ ಹೆಸರು. ಇಲ್ಲಾಂದ್ರ ಹುಕ್ಕೇರಿ ಸುಶಾಂತನ್ನ ಕರಸ್ತೇನಿ.”

ಹುಕ್ಕೇರಿಯ ಸುಶಾಂತ ಸೊಂಟದ ಬೆಲ್ಟಿಗೆ ಮೀಟರು ತೂಗುಹಾಕಿಕೊಂಡು, ಬೂಟು ಹಾಕಿಕೊಂಡು ಬರುವ ಹೊಸ ಕಾಲದ ವೈರ್‌ಮನ್. ಅವನ ಹೆಸರು ಕೇಳಿದರೆ ಯಲ್ಲಾಲಿಂಗನಿಗೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಆದರೆ ಈವತ್ತು ಅವನಿಗೆ ಸಿಟ್ಟೇ ಬರಲಿಲ್ಲ, ಬಂದದ್ದು ಹುರುಪು. ಕರೆಂಟು ಅಳೆಯುವ ಕೈಮೀಟರು ಕೊಳ್ಳಬೇಕೆಂಬುದು ಅವನ ಎಷ್ಟೋ ವರ್ಷದ ಆಸೆ. ಊಟಕ್ಕೆ ಕೂತಾಗಲೂ ಫೋನಿನಲ್ಲಿ ಮೀಟರುಗಳ ವಿಡಿಯೋ ನೋಡಿ ನೋಡಿ ಹೆಂಡತಿ ಶೋಭಾಳಿಂದ ಬೈಸಿಕೊಂಡಿದ್ದ. ಟಾಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮೋಟಾರಿನ ಪೆಟ್ಟಿಗೆ ಇತ್ತು. ಚೀಲವನ್ನು ಹೊರಗೇ ಇಟ್ಟು ಒಳಗೆ ಹೋಗಿ ಸಂದಿಯನ್ನು ಗೇಣಿನಿಂದ ಅಳೆದ. ಒಂದೂವರೆ ಗೇಣು. ಅಂದರೆ ಮೀಟರು ಸಣ್ಣದಿರಬೇಕು, ಅಂಗಿಯ ಜೇಬಿನಲ್ಲಿ ಕೂಡಬೇಕು, ಆದರೆ ಮಕ್ಕಳ ಆಟಿಗೆಯಂಥದ್ದು ಇರಕೂಡದು. ಇಷ್ಟನ್ನು ಬಸ್‌ಸ್ಟ್ಯಾಂಡು ಮುಟ್ಟುವುದರೊಳಗೆ ದಾರಿಯಲ್ಲಿ ಸಿಕ್ಕ ಏಳೆಂಟು ಜನರಿಗೆ ಹೇಳಿಯಾಗಿತ್ತು.

ಹೇಳಿದ್ದರ ಫಲವಾಗಿ ಬಾಜೂ ಮನೆಯ ದುಂಡಪ್ಪ ಕಾಕಾ ಕರೆಯದಿದ್ದರೂ ಬಸ್ಸು ಹತ್ತಿದ. ಅವರ ಓಣಿಯಲ್ಲಿ ಮಿಕ್ಸರಿರಲಿ, ಎಮ್ಮೆಯ ಹಗ್ಗವಿರಲಿ, ದುಂಡಪ್ಪ ಕಾಕಾ ಅಂಗೈಯಲ್ಲಿಟ್ಟು ತೂಗಿ ನೋಡದೆ ಯಾರೂ ಏನನ್ನೂ ಕೊಳ್ಳುತ್ತಿರಲಿಲ್ಲ. ಭಾರವಿದ್ದರೆ ಛಲೋ ಮಾಲು, ಹಗುರಿದ್ದರೆ ಮೋಸ. ಈ ಒಂದೇ ಲೆಕ್ಕದಲ್ಲಿ ಕಾಕಾ ಅರವತ್ತು ವರ್ಷ ತೆಗೆದಿದ್ದ.

ಗೋಕಾಕ ಪೇಟೆಯ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಆಗ ಕೂತಿದ್ದವಳು ಅಂಗಡಿಯವರ ಸೊಸೆ ಮಯೂರಿ. ಯಲ್ಲಾಲಿಂಗ ಕೇಳಿದ್ದೇ ತಡ, ಐದು ಮೀಟರು ತೆಗೆದು ಸಾಲಾಗಿ ಇಟ್ಟಳು. ಯಲ್ಲಾಲಿಂಗ ಅವುಗಳ ಮೇಲೆ ಬಾಗಿದ. ಯಾವುದನ್ನು ಮೊದಲು ಮುಟ್ಟಬೇಕೋ ತಿಳಿಯದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಅಷ್ಟರಲ್ಲಿ ದುಂಡಪ್ಪ ಕಾಕಾ ಕಣ್ಣು ಮುಚ್ಚಿ, ಸಂತೆಯಲ್ಲಿ ಬದನೆಕಾಯಿ ತೂಗುವಂತೆ, ಒಂದೊಂದನ್ನೇ ಅಂಗೈಯಲ್ಲಿಟ್ಟು ನೋಡಿ, ಎಲ್ಲಕ್ಕಿಂತ ದೊಡ್ಡದಾದ ಹಳದಿ ಮೀಟರನ್ನು ಅವನ ಮುಂದೆ ಸರಿಸಿದ.

“ಇದನ್ನ ತಗೋ. ನಾಳೆ ಕೆಟ್ರೂ ಗ್ವಾಡಿಗೆ ಮೊಳಿ ಹೊಡ್ಯಾಕ ಬರ್ತೈತಿ.”

ಯಲ್ಲಾಲಿಂಗ ಅದನ್ನು ಅಂಗಿಯ ಜೇಬಿಗೆ ಇಳಿಸಿ ನೋಡಿದ. ಅಂಗಿಯ ಎಡಗಡೆ ಮೊಣಕಾಲಿನ ಕಡೆಗೆ ಹೊರಟಿತು. ಅದು ಬೇಡವೆಂದು ವಾಪಸು ಇಟ್ಟದ್ದಕ್ಕೆ ಕಾಕಾ ಸಿಟ್ಟಾಗಿ, ಅಂಗಡಿಯ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತ. ಮಯೂರಿ ನಕ್ಕು, ಸಣ್ಣದೆಂದರೆ ಎಲ್ಲ ಸಣ್ಣದೂ ಒಂದೇ ಅಲ್ಲ ಎಂದಳು.

“ಈ ತಂತಿ ತುದೀಗಿನ ಕೆಂಪು ಕಡ್ಡಿ, ಕರಿ ಕಡ್ಡಿ ಒಂದಕ್ಕೊಂದು ಮುಟ್ಟಸ್ರಿ ಅಣ್ಣಾರ. ಮುಟ್ಟಿಸಿದ ಕೂಡ್ಲೇ ಮೀಟರ್ ಕೂಗಬೇಕು. ವಿಚಾರ ಮಾಡಿ ಕೂಗೂದು ಕೆಲಸಕ್ಕ ಬರೂದಿಲ್ರಿ.”

ಯಲ್ಲಾಲಿಂಗ ಮುಟ್ಟಿಸಿದ. ಒಂದು ಮೀಟರು ನಿದ್ದೆಯಿಂದ ಎದ್ದವರಂತೆ ತಡವಾಗಿ ಕೂಗಿತು; ಅದನ್ನು ಬದಿಗಿಟ್ಟ. ಇನ್ನೊಂದರ ತಂತಿ ಕಬ್ಬಿಣದ ಸರಳಿನಂತೆ ಬಿರುಸಾಗಿತ್ತು, ಅದೂ ಹೋಯಿತು. ಮಯೂರಿ ಸ್ಕ್ರೂಡ್ರೈವರು ತೆಗೆದುಕೊಂಡು ಉಳಿದವುಗಳ ಬೆನ್ನು ಬಿಚ್ಚಿ ಒಳಗಿನ ಫ್ಯೂಜು ತೋರಿಸಿದಳು. ಒಂದರಲ್ಲಿ ಫ್ಯೂಜಿನ ಜಾಗ ಇತ್ತು, ಫ್ಯೂಜು ಇರಲಿಲ್ಲ. ಕೊನೆಗೆ ಉಳಿದದ್ದು ಕಪ್ಪು ಬಣ್ಣದ, ಅಂಗೈಯಷ್ಟೇ ಅಗಲದ, ದಪ್ಪ ಫ್ಯೂಜಿನ, ಮೆತ್ತನೆಯ ತಂತಿಯ ಒಂದು ಮೀಟರು. ಕಡ್ಡಿ ಮುಟ್ಟುವುದಕ್ಕೂ ಅದು ಕುಂಯ್ ಎನ್ನುವುದಕ್ಕೂ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ. ವೋಲ್ಟೋ ಇನ್ನೊಂದೋ ತಾನೇ ಗುರುತಿಸಿ ದೊಡ್ಡ ಅಕ್ಷರದಲ್ಲಿ ತೋರಿಸುತ್ತಿತ್ತು. ಅಂಗಡಿಯ ಪ್ಲಗ್ಗಿಗೆ ಹಿಡಿದ. ಇನ್ನೂರಾ ಇಪ್ಪತ್ತೆಂಟು. ಬಲ್ಬು ಇಷ್ಟು ವರ್ಷ ಬರೀ ಹೂಂ, ಊಹೂಂ ಎಂದಷ್ಟೇ ಹೇಳುತ್ತಿತ್ತು. ಇದು ಲೆಕ್ಕವನ್ನೇ ಒಪ್ಪಿಸುತ್ತಿದೆಯಲ್ಲ ಎಂದು ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅಲ್ಲಿಗೇ ಜೇಬಿಗಿಟ್ಟು ಹೊರಟಿದ್ದರೆ ಎರಡೂವರೆಯ ಬಸ್ಸು ಸಿಗುತ್ತಿತ್ತು. ಆದರೆ ಕುಂಯ್ ಸದ್ದಿಗೆ ಜನ ನೆರೆದಿದ್ದರು. ಕೋರ್ಟಿಗೆ ಬಂದಿದ್ದ ಒಬ್ಬರು ತಮ್ಮ ಬ್ಯಾಟರಿಯ ಶೆಲ್ಲು ಸತ್ತಿದೆಯೋ ಬದುಕಿದೆಯೋ ನೋಡೆಂದರು. ಒಬ್ಬಾಕೆ ಗೋಡೆ ಗಡಿಯಾರವನ್ನೇ ಹೊತ್ತು ತಂದಳು. ಬರೀ ನೋಡಿ ಕಳಿಸಿದ್ದರೂ ಆಗುತ್ತಿತ್ತು. ಯಲ್ಲಾಲಿಂಗ ಪ್ರತಿಯೊಬ್ಬರ ಕೈಗೂ ಕಡ್ಡಿ ಕೊಟ್ಟು, ಹೀಗೆ ಹಿಡಿಯಿರಿ, ಇಲ್ಲಿ ನೋಡಿರಿ ಎಂದು ಕಲಿಸುತ್ತ ಕೂತ. ದುಂಡಪ್ಪ ಕಾಕಾ ಬಂದು ಬಸ್ಸು ಹೋಯಿತೆಂದು ಹೇಳಿದಾಗ ಅವನ ದನಿಯಲ್ಲಿ ಸಂತೋಷವೇ ಹೆಚ್ಚಿತ್ತು.

ಸಿಕ್ಕಿದ್ದು ಒಂದು ಟಂಟಂ ರಿಕ್ಷಾ. ಲೋಳಸೂರ ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಅದೂ ಉಸಿರು ಬಿಟ್ಟಿತು. ಡ್ರೈವರು ಲಕ್ಷ್ಮಣ ಚಾವಿ ತಿರುವಿದ, ಒದ್ದ, ಬೈದ. ಯಲ್ಲಾಲಿಂಗ ಇಳಿದು ಬ್ಯಾಟರಿಗೆ ಕಡ್ಡಿ ಹಿಡಿದ. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು ಸರಿಯಾಗಿತ್ತು. ಒಂದು ಗೇಣು ಆಚೆಗೆ, ತಂತಿಯಲ್ಲಿ, ಸೊನ್ನೆ. ತಂತಿಯನ್ನು ಕಚ್ಚಿಹಿಡಿಯುವ ಕ್ಲಿಪ್ಪು ಸಡಿಲಾಗಿತ್ತು. ಬಿಗಿದದ್ದೇ ಟಂಟಂ ಗುಡುಗಿತು, ಒಳಗಿದ್ದ ಜನ ಚಪ್ಪಾಳೆ ತಟ್ಟಿದರು. ಮುಂದೆ ಹೀಗಾದರೆ ಏನು ಮಾಡಬೇಕೆಂದು ಯಲ್ಲಾಲಿಂಗ ಲಕ್ಷ್ಮಣನಿಗೆ ಕಲಿಸಿಯೇ ಹತ್ತಿದ. ಅದಕ್ಕೆ ಮತ್ತೆ ಅರ್ಧ ತಾಸು ಹೋಯಿತು.

ಡೈರಿ ಮುಟ್ಟಿದಾಗ ಐದು ದಾಟಿತ್ತು. ಕ್ಯಾನು, ತಂಬಿಗೆ ಹಿಡಿದವರ ಪಾಳಿ ರಸ್ತೆಯವರೆಗೆ ಬೆಳೆದಿತ್ತು. ಇನ್ನು ಸ್ವಲ್ಪ ಹೊತ್ತು ತಂಪು ಸಿಗದಿದ್ದರೆ ಹಾಲು ಒಡೆಯುವುದು ಖಂಡಿತ. ಅಣ್ಣಾಸಾಹೇಬರು ಸುಶಾಂತನಿಗೆ ಫೋನು ಹಚ್ಚಿ, ಅವನು ಹುಕ್ಕೇರಿಯಿಂದ ಹೊರಟೂ ಆಗಿತ್ತು.

ಯಲ್ಲಾಲಿಂಗ ಎದೆಯುಬ್ಬಿಸಿ ಜೇಬಿಗೆ ಕೈಹಾಕಿ ಮೀಟರು ತೆಗೆದ. ಮೀಟರಿನ ಮುಖ ಖಾಲಿ. ಅಕ್ಷರವಿಲ್ಲ, ಸದ್ದಿಲ್ಲ. ಪಾಳಿಯಲ್ಲಿ ಯಾರೋ ಸತ್ತೋತು ಎಂದರು. ಭಾರದ್ದು ತಗೋ ಎಂದು ತಾನು ಆಗಲೇ ಹೇಳಿದ್ದೆನೆಂದು ದುಂಡಪ್ಪ ಕಾಕಾ ಊರಿಗೆಲ್ಲ ಕೇಳುವಂತೆ ಹೇಳಿದ. ಯಲ್ಲಾಲಿಂಗ ಮೀಟರನ್ನು ಅಂಗೈಗೆ ಬಡಿದು ನೋಡಿದ. ಆಗ ಕ್ಯಾನು ತೊಳೆಯುವ ಹಣಮವ್ವ, ಒಣಗಿದ ಕಟ್ಟಿಗೆಯಂಥ ತೆಳ್ಳನೆಯ ಹೆಂಗಸು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಮಲಗಿದ ಫೋನು ಎಬ್ಬಿಸುವಂತೆ ಮೀಟರಿನ ಮೇಲಿನ ಗುಂಡಿ ಒತ್ತಿದಳು. ಅಕ್ಷರಗಳು ಮೂಡಿದವು. ಕೆಲಸವಿಲ್ಲದಾಗ ಶೆಲ್ಲು ಉಳಿಸಲು ಅದು ತಾನಾಗಿಯೇ ಮಲಗಿಬಿಡುತ್ತದೆಂದು ಮಯೂರಿ ಹೇಳಿದ್ದಳು; ಆ ಹೊತ್ತಿನಲ್ಲಿ ಇವನು ಗಡಿಯಾರದವಳಿಗೆ ಪಾಠ ಮಾಡುತ್ತಿದ್ದ.

ಹೋದ ಜೀವ ಬಂದಂತಾಗಿ ಯಲ್ಲಾಲಿಂಗ ಮೇನ್ ಸ್ವಿಚ್ಚು ತೆಗೆದು, ಕರೆಂಟು ಬಂದ್ ಮಾಡಿ, ಸಂದಿಗೆ ನುಗ್ಗಿದ. ಮೀಟರು ಒಳಗೆ ಹೋಯಿತು. ಕೈ ಹೋಯಿತು. ಹೊಟ್ಟೆ ಹೋಗಲಿಲ್ಲ. ಮೀಟರಿನ ಉದ್ದ, ಅಗಲ, ದಪ್ಪ ಎಲ್ಲವನ್ನೂ ಅಳೆದಿದ್ದವನು ತನ್ನನ್ನು ತಾನು ಅಳೆದುಕೊಂಡಿರಲಿಲ್ಲ. ಉಸಿರು ಹಿಡಿದು ಅಡ್ಡ ತಿರುಗಿದ, ಅಂಗಿ ಕಳೆದು ನೋಡಿದ, ಇಬ್ಬರು ಹಿಂದಿನಿಂದ ದೂಡಿದರು. ನಡುವೆ ಸಿಕ್ಕಿಬಿದ್ದವನನ್ನು ನಾಲ್ಕು ಜನ ಹೊರಗೆಳೆದರು.

ದಿನಾ ಆ ಸಂದಿಯಲ್ಲೇ ತಾನು ಕಸ ಹೊಡೆಯುವುದು, ಏನು ಮಾಡಬೇಕೋ ಹೇಳಿದರೆ ಮಾಡುತ್ತೇನೆ ಎಂದಳು ಹಣಮವ್ವ. ಯಲ್ಲಾಲಿಂಗನಿಗೆ ಬೇಕಾದದ್ದೂ ಅದೇ. ಬಂದ್ ಮಾಡಿದ ಮೇನ್ ಸ್ವಿಚ್ಚಿನ ಮೇಲೆ ಒಂದು ಕೈಯಿಟ್ಟು ನಿಂತು, ಇಡೀ ಪಾಳಿಗೆ ಕೇಳುವಂತೆ ಪಾಠ ಸುರುಮಾಡಿದ. ಪೆಟ್ಟಿಗೆಯಿಂದ ಮೋಟಾರಿಗೆ ಮೂರು ತಂತಿ ಹೋಗುತ್ತವೆ. ಒಂದೊಂದರ ಈ ತುದಿಗೊಂದು, ಆ ತುದಿಗೊಂದು ಕಡ್ಡಿ ಹಿಡಿಯಬೇಕು.

“ಕೂಗಿತಂದ್ರ ತಂತಿ ಕೂಡೈತಿ, ಕೂಗಲಿಲ್ಲಂದ್ರ ಹರದೈತಿ. ಇಷ್ಟ ನೋಡ ಅಕ್ಕಾ, ಎಲ್ಲಾ ವಿದ್ಯಾ.”

ಮೊದಲ ತಂತಿ ಕುಂಯ್ ಎಂದಿತು. ಎರಡನೆಯದೂ ಕುಂಯ್ ಎಂದಿತು. ಮೂರನೆಯದಕ್ಕೆ ಇಡೀ ಡೈರಿ ಕಿವಿಗೊಟ್ಟು ನಿಂತಿತ್ತು, ಏನೂ ಕೇಳಲಿಲ್ಲ. ಹಣಮವ್ವ ಒಳಗಿನಿಂದಲೇ ಇಲಿ ಕಡಿದ ಜಾಗ ಕಂಡಿತೆಂದಳು. ಯಲ್ಲಾಲಿಂಗ ಹೊಸ ತಂತಿಯ ತುಂಡು, ಸ್ಕ್ರೂಡ್ರೈವರು, ಟೇಪು ಒಂದೊಂದಾಗಿ ಒಳಗೆ ದಾಟಿಸಿದ. ಎಲ್ಲಿ ಬಿಚ್ಚಬೇಕು, ಎಷ್ಟು ಬಿಗಿಯಬೇಕು ಎಂದು ಹೇಳುತ್ತ ಹೋದ. ಹಣಮವ್ವ ಮತ್ತೆ ಕಡ್ಡಿ ಹಿಡಿದಳು. ಕುಂಯ್. ಆಕೆ ಹೊರಗೆ ಬಂದ ಮೇಲೆ ಮೇನ್ ಹಾಕಿದ. ಮೋಟಾರು ಗುಂಯ್ಗುಡುತ್ತ ಎದ್ದಿತು, ಪಾಳಿಯಲ್ಲಿ ಕೇಕೆ ಎದ್ದಿತು, ಹಾಲು ಟಾಕಿಗೆ ಬೀಳತೊಡಗಿತು.

ಅಣ್ಣಾಸಾಹೇಬರು ಎಲ್ಲರೆದುರಿಗೇ ಸುಶಾಂತನಿಗೆ ಫೋನು ಮಾಡಿ, ಬರುವುದು ಬೇಡ, ಹಿಂದಕ್ಕೆ ಹೋಗು ಎಂದರು. ಆ ಒಂದು ಮಾತಿಗೆ ಯಲ್ಲಾಲಿಂಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದುಂಡಪ್ಪ ಕಾಕಾನೂ ಬಂದು ಮೀಟರನ್ನು ಮತ್ತೊಮ್ಮೆ ಅಂಗೈಯಲ್ಲಿಟ್ಟು ತೂಗಿ, ಮೊದಲಿಗಿಂತ ಈಗ ಸ್ವಲ್ಪ ಭಾರ ಬಂದಿದೆ ಎಂದು ಒಪ್ಪಿಕೊಂಡ.

ಕಮಿಟಿ ಕೂತಿತು. ಸೆಕ್ರೆಟರಿ ದೀಪಾ ಠರಾವಿನ ಪುಸ್ತಕ ತೆರೆದಳು. ಅಣ್ಣಾಸಾಹೇಬರು ಮೀಟರನ್ನು ತಿರುವಿ ಮುರುವಿ ನೋಡಿ ಹಣಮವ್ವನನ್ನು ಕರೆದರು.

“ಮುಂದ ಮತ್ತ ಹಿಂಗಾದ್ರ ನಿನಗ ನೋಡಾಕ ಬರ್ತೈತೇನು?”

“ಬರಲಾರದ ಏನಾತ್ರಿ. ಮೊದಲ ಮೇನ್ ತಗೀಬೇಕು. ಕೂಗಿದ್ರ ಕೂಡೈತಿ, ಕೂಗದಿದ್ರ ಹರದೈತಿ.”

ಎಷ್ಟು ಬೇಗ ಕಲಿತಳೆಂದು ಯಲ್ಲಾಲಿಂಗ ಹೆಮ್ಮೆಯಿಂದ ಸುತ್ತ ನೋಡಿದ. ತಾನು ಹೇಳಿದ್ದು ಒಂದೇ ಸಲ ಎಂದೂ ಸೇರಿಸಿದ. ಅಣ್ಣಾಸಾಹೇಬರು ತಲೆಯಾಡಿಸಿ ದೀಪಾಳ ಕಡೆ ತಿರುಗಿದರು. ಡೈರಿಯ ವರ್ಷದ ಕರೆಂಟಿನ ಕೆಲಸ ಹಣಮವ್ವನಿಗೆ, ಮೀಟರು ಡೈರಿಯ ಕಪಾಟಿಗೆ, ಅದರ ರೊಕ್ಕ ಯಲ್ಲಾಲಿಂಗನಿಗೆ ಎಂದು ಬರೆಸಿದರು. ಯಲ್ಲಾಲಿಂಗ ಬಾಯಿ ತೆರೆದ. ಅದು ಮುಚ್ಚುವುದರೊಳಗೆ ಅವರೇ ಅವನ ಹೆಗಲ ಮೇಲೆ ಕೈಯಿಟ್ಟರು.

“ಆರಿಸೋದು ನಿನ್ನ ಕಡೆಯಿಂದ ಕಲೀಬೇಕು ನೋಡು. ಸುತ್ತಲಿನ ಹನ್ನೊಂದು ಡೈರಿಗೂ ಫೋನ್ ಮಾಡಿ ಕೇಳೇನಿ, ಎಲ್ಲಾರಿಗೂ ಇಂಥಾದ್ದ ಬೇಕಂತ. ನಾಳೆ ಗೋಕಾಕಕ್ಕ ಹೋಗಿ ನೀನ ಆರಿಸಿ ತಾ.”

ಹನ್ನೊಂದು ಮೀಟರು. ಹನ್ನೊಂದರ ಬೆನ್ನು ಬಿಚ್ಚಿ ನೋಡುವುದು, ಹನ್ನೊಂದರ ಕುಂಯ್ ಕೇಳುವುದು. ಯಲ್ಲಾಲಿಂಗನಿಗೆ ದುಃಖ ಅರ್ಧ ದಾರಿಯಲ್ಲೇ ಮರೆತುಹೋಯಿತು.

“ಬರೇ ತಂದು ಕೊಟ್ರ ಆಗೂದಿಲ್ರಿ, ಅಣ್ಣಾಸಾಬ್ರ. ಒಂದೊಂದು ಡೈರಿಯೊಳಗ ಒಬ್ಬೊಬ್ಬರಿಗೆ ಕಲಸಬೇಕಾಗ್ತೈತಿ.”

ಅಣ್ಣಾಸಾಹೇಬರು ಅದನ್ನೂ ಬರೆದುಕೊಳ್ಳಲು ಹೇಳಿದರು, ಕಲಿಸುವವನು ಯಲ್ಲಾಲಿಂಗ ಎಂದು. ದೀಪಾ ಬರೆದಳು. ಆ ಹನ್ನೊಂದರಲ್ಲಿ ಒಂಬತ್ತು ಡೈರಿಗಳ ಮೋಟಾರನ್ನು ಇಷ್ಟು ವರ್ಷ ನೋಡುತ್ತ ಬಂದು ಹೊಟ್ಟೆ ಹೊರೆದುಕೊಂಡವನು ತಾನೇ ಎಂಬುದು ಯಲ್ಲಾಲಿಂಗನಿಗೆ ಹೊಳೆಯುವಷ್ಟರಲ್ಲಿ, ಅಧ್ಯಕ್ಷರು ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿಯಾಗಿತ್ತು.